ಹೊಗೆ ಬಿಡುವ ಮೊದಲು ಒಮ್ಮೆ ತಲೆ ಎತ್ತಿ ನೋಡಿ

ಗದಾಯುದ್ಧದ ಕಥೆ ನಿಮಗೆ ಗೊತ್ತಲ್ವಾ? ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತಿರುತ್ತಾನೆ. ಭೀಮ ದಡದಲ್ಲಿ ನಿಂತು ಬೈದು ಬೈದು ಅವನನ್ನು ಹೊರಗೆ ಎಳೆಯಬೇಕು. ನಮ್ಮ ನಾಟಕದಲ್ಲಿ ಭೀಮ ಬಾಯಿ ತೆರೆಯುವ ಮೊದಲೇ ದುರ್ಯೋಧನ ಎದ್ದು ಬಂದ. ಫೈರ್ ಅಲಾರಂ ಹೊಡೆದುಕೊಳ್ಳುತ್ತಿತ್ತು.

ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕದ ಒಂದು ಐಟಿ ಕಂಪನಿಯ ಆಡಿಟೋರಿಯಂ. ಅವರ ಕನ್ನಡ ಬಳಗದ ರಾಜ್ಯೋತ್ಸವ. ಸರೋವರದ ಮಂಜಿಗೆ ನಾನೇ ಹೊಗೆ ಬಿಟ್ಟಿದ್ದೆ. ಏಳು ಮಹಡಿಯ ಕಟ್ಟಡದಲ್ಲಿ ಲಿಫ್ಟ್‌ಗಳೆಲ್ಲ ನೆಲಮಹಡಿಗೆ ಬಂದು ನಿಂತವು. ರಾತ್ರಿ ಪಾಳಿಯ ಹುಡುಗ ಹುಡುಗಿಯರು ಹೆಡ್‌ಫೋನ್ ಕುತ್ತಿಗೆಗೆ ಹಾಕಿಕೊಂಡೇ ಮೆಟ್ಟಿಲಿಳಿದು ಬಂದರು. ದುರ್ಯೋಧನ ನೀರೊಳಗಿದ್ದೂ ಬೆವರಿದನಂತೆ. ನಾನು ಎಸಿ ಹಾಲಿನಲ್ಲಿ ಕೂತು ಬೆವರಿದೆ.

ಹಗಲು ನನ್ನದು ಬ್ಯಾಂಕ್ ಕೆಲಸ. ಸಂಜೆ ಹವ್ಯಾಸಿ ನಾಟಕಗಳಿಗೆ ಲೈಟಿಂಗ್ ಮಾಡುತ್ತೇನೆ, ಇಪ್ಪತ್ತೆರಡು ವರ್ಷವಾಯಿತು. ಆ ರಾತ್ರಿಯ ಆಮೇಲೆ ಹೊಗೆ ಬೇಕು ಅಂತ ಯಾರೇ ಕೇಳಿದರೂ ನಾನು ಮೊದಲು ಮಷಿನ್ ಬಗ್ಗೆ ಮಾತಾಡುವುದಿಲ್ಲ. ಚಾವಣಿ ಬಗ್ಗೆ ಕೇಳುತ್ತೇನೆ. ಹೊಸದಾಗಿ ಲೈಟಿಂಗ್‌ಗೆ ಬಂದವರಿಗೆ, ಕಾಲೇಜಿನಲ್ಲಿ ಆಫೀಸಿನಲ್ಲಿ ನಾಟಕ ಮಾಡಿಸುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಅಲಾರಂ ಯಾಕೆ ಮೋಸ ಹೋಗುತ್ತದೆ

ನಾವು ಹೊಗೆ ಅಂತೀವಿ, ಆದರೆ ಸ್ಮೋಕ್ ಮಷಿನ್‌ನಿಂದ ಬರುವುದರಲ್ಲಿ ಏನೂ ಸುಟ್ಟಿರುವುದಿಲ್ಲ. ಗ್ಲೈಕಾಲ್ ಅಥವಾ ಗ್ಲಿಸರಿನ್ ಬೆರೆಸಿದ ನೀರನ್ನು ಒಂದು ಪಂಪು ಕಾದ ಲೋಹದ ಕೊಳವೆಗೆ ತಳ್ಳುತ್ತದೆ. ಅದು ಅಲ್ಲಿ ಆವಿಯಾಗುತ್ತದೆ. ಮೂತಿಯಿಂದ ಹೊರಬಂದು ತಣ್ಣನೆ ಗಾಳಿ ತಾಗಿದ ಕೂಡಲೇ ಸಣ್ಣ ಸಣ್ಣ ಹನಿಯಾಗುತ್ತದೆ. ಇಡ್ಲಿ ಪಾತ್ರೆ ಮುಚ್ಚಳ ತೆಗೆದಾಗ ಕಾಣುವ ಬಿಳಿ ಹಬೆ ಇದೆಯಲ್ಲ, ಹತ್ತಿರ ಹತ್ತಿರ ಅದೇ. ಇದು ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುತ್ತದೆ, ಅಷ್ಟೇ.

ಈಗ ಅಲಾರಂ ಕಡೆ ಬನ್ನಿ. ಹಳೆಯ ಹೆಂಚಿನ ಮನೆಯಲ್ಲಿ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿಯುವಾಗ ಅದರಲ್ಲಿ ಧೂಳು ಹೊಳೆಯುವುದನ್ನು ನೋಡಿರುತ್ತೀರಿ. ಇವತ್ತು ಜಾಸ್ತಿ ಕಾಣುವ ಆಪ್ಟಿಕಲ್ ಸ್ಮೋಕ್ ಡಿಟೆಕ್ಟರ್ ಒಳಗೆ ನಡೆಯುವುದೂ ಅದೇ. ಒಳಗೊಂದು ಕತ್ತಲೆ ಗೂಡು. ಒಂದು ಕಡೆ ಸಣ್ಣ ಎಲ್‌ಇಡಿ, ಇನ್ನೊಂದು ಕಡೆ ಓರೆಯಾಗಿ ಕೂರಿಸಿದ ಸೆನ್ಸರ್. ಗಾಳಿ ಚೊಕ್ಕವಾಗಿದ್ದರೆ ಆ ಬೆಳಕು ಸೆನ್ಸರಿಗೆ ಬೀಳುವುದಿಲ್ಲ. ಒಳಗೆ ಕಣಗಳು ಬಂದರೆ ಬೆಳಕು ಅವಕ್ಕೆ ತಾಗಿ ಚೆದುರುತ್ತದೆ, ಸೆನ್ಸರಿಗೆ ಬೀಳುತ್ತದೆ, ಗಂಟೆ ಹೊಡೆಯುತ್ತದೆ. ಆ ಕಣ ಉರಿಯುವ ಪರದೆಯದ್ದೋ ನಿಮ್ಮ ಸರೋವರದ ಮಂಜಿನದ್ದೋ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ.

ಹಾಗಾಗಿ "ನಮ್ಮ ಮಷಿನ್ ವಾಟರ್ ಬೇಸ್ಡ್, ಅಲಾರಂ ಆಗಲ್ಲ ಸಾರ್" ಅಂತ ಬಾಡಿಗೆ ಅಂಗಡಿಯವರು ಹೇಳಿದರೆ ನಂಬಬೇಡಿ. ನೀರಿನದ್ದಾದರೂ ಹನಿ ಹನಿಯೇ.

ಚಾವಣಿಯಲ್ಲಿ ಏನಿದೆ?

ಹಾಲ್ ನೋಡಲು ಹೋದ ದಿನವೇ ಒಂದು ಟಾರ್ಚ್ ಹಿಡಿದು ಮೇಲೆ ನೋಡುತ್ತಾ ಪೂರ್ತಿ ಒಂದು ಸುತ್ತು ಬನ್ನಿ. ಸ್ಟೇಜಿನ ಮೇಲೆ, ಪ್ರೇಕ್ಷಕರ ಮೇಲೆ, ಗ್ರೀನ್ ರೂಮು, ಹೊರಗಿನ ಲಾಬಿ, ಲಿಫ್ಟಿನ ಎದುರು, ಯಾವುದನ್ನೂ ಬಿಡಬೇಡಿ. ನೋಡಿದ್ದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಕಾಫಿ ಸಾಸರ್‌ನಷ್ಟು ಅಗಲದ ಬಿಳಿ ಗುಂಡು, ಸುತ್ತ ತೆಳುವಾದ ಸೀಳುಗಳು, ಆಗಾಗ ಮಿನುಗುವ ಕೆಂಪು ಚುಕ್ಕೆ. ಇಂಥದ್ದು ಕಂಡರೆ ಅದು ಆಪ್ಟಿಕಲ್ ಡಿಟೆಕ್ಟರ್ ಅಂದುಕೊಳ್ಳಿ. ಹೊಗೆ ಮಷಿನ್‌ಗೆ ಇದು ಖಂಡಿತ ಹೊಡೆದುಕೊಳ್ಳುತ್ತದೆ.

ಅದೇ ಗಾತ್ರ, ಅದೇ ಬಿಳಿ, ಆದರೆ ಮಧ್ಯದಲ್ಲಿ ತೆರೆದ ಪಂಜರದಂಥ ಜಾಗದಲ್ಲಿ ಸಾಸಿವೆಗಿಂತ ಕೊಂಚ ದೊಡ್ಡ ಮಣಿಯೊಂದು ಕಂಡರೆ ಬಹುಶಃ ಹೀಟ್ ಡಿಟೆಕ್ಟರ್. ಇದು ಶಾಖಕ್ಕೆ ಮಾತ್ರ ಏಳುತ್ತದೆ. 57-58 ಡಿಗ್ರಿ ಆಸುಪಾಸು ಬಂದಾಗ, ಅಥವಾ ಶಾಖ ತೀರಾ ಬೇಗ ಏರಿದಾಗ. ನಿಮ್ಮ ಮಂಜು ಇದನ್ನು ಏನೂ ಮಾಡುವುದಿಲ್ಲ. ಆದರೆ ಇದರ ಕೆಳಗೇ ಸಾವಿರ ವಾಟಿನ ಹ್ಯಾಲೊಜನ್ ಲೈಟು ಕಟ್ಟಬೇಡಿ. ಒಂದೇ ಡಿಟೆಕ್ಟರಿನಲ್ಲಿ ಹೊಗೆ, ಶಾಖ ಎರಡೂ ನೋಡುವವೂ ಇವೆ, ಕೆಳಗೆ ನಿಂತು ನೋಡಿದರೆ ಹೀಟ್ ಡಿಟೆಕ್ಟರಿನ ಹಾಗೇ ಕಾಣುತ್ತವೆ. ಹಾಗಾಗಿ ಮಣಿ ಕಂಡಿತು ಅಂತ ಖುಷಿಪಡುವ ಮೊದಲು ಕೇಳಿ.

ದೊಡ್ಡ ಹಾಲುಗಳಲ್ಲಿ ಬೀಮ್ ಡಿಟೆಕ್ಟರ್ ಇರುತ್ತದೆ. ಪಕ್ಕದ ಗೋಡೆಯ ತುದಿಯಲ್ಲಿ ಒಂದು ಡಬ್ಬ, ಎದುರು ಗೋಡೆಯಲ್ಲಿ ಇನ್ನೊಂದು ಡಬ್ಬ ಅಥವಾ ಪ್ರತಿಫಲಕ. ನಡುವೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ. ಅದು ಮಂಕಾದರೆ ಅಲಾರಂ. ಸ್ಟೇಜಿನಿಂದ ದೂರ ಇದೆಯಲ್ಲ ಅಂತ ನಾವು ಇದನ್ನು ಮರೆತುಬಿಡುತ್ತೇವೆ. ಹೇಜ್, ಅಂದರೆ ಹಾಲೆಲ್ಲ ತುಂಬುವ ತೆಳು ಮಂಜು, ಬಿಟ್ಟು ಒಂದು ಗಂಟೆಯಾದ ಮೇಲೆ, ಹಾಲಿನ ಮೇಲ್ಭಾಗದಲ್ಲೆಲ್ಲ ಅದು ನಿಧಾನಕ್ಕೆ ಹರಡಿಕೊಂಡ ಮೇಲೆ, ಕ್ಲೈಮ್ಯಾಕ್ಸಿಗೆ ಸರಿಯಾಗಿ ಕೂಗುತ್ತದೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಗಾಳಿ ಎಳೆದುಕೊಂಡು ನೋಡುವ ಆಸ್ಪಿರೇಟಿಂಗ್ ವ್ಯವಸ್ಥೆ. ಚಾವಣಿ ಉದ್ದಕ್ಕೂ ಹೋಗುವ ಸಣ್ಣ ಪೈಪು, ಅದರಲ್ಲಿ ಅಲ್ಲಲ್ಲಿ ಸೂಜಿರಂಧ್ರ. ಅದು ಮೌನವಾಗಿ ಗಾಳಿ ಹೀರುತ್ತಲೇ ಇರುತ್ತದೆ. ಸರ್ವರ್ ರೂಮುಗಳಲ್ಲಿ ಇರುತ್ತದೆ, ತುಂಬ ಎತ್ತರದ ಚಾವಣಿಯ ಹಾಲುಗಳಲ್ಲೂ ಹಾಕುತ್ತಾರೆ. ಇದಿರುವ ಕಡೆ "ಸ್ವಲ್ಪೇ ಸ್ವಲ್ಪ ಹೊಗೆ" ಅನ್ನುವ ಲೆಕ್ಕ ನಡೆಯುವುದಿಲ್ಲ.

ಇನ್ನು ಕಣ್ಣಿಗೆ ಬೀಳದ ಜಾಗದಲ್ಲಿ ಒಂದಿದೆ. ನಾನು ಸಿಕ್ಕಿಬಿದ್ದದ್ದು ಅದರಲ್ಲೇ.

ಆ ಕಂಪನಿಯ ಹಾಲಿನಲ್ಲಿ ಸ್ಟೇಜಿನ ಮೇಲೆ ಹೀಟ್ ಡಿಟೆಕ್ಟರ್ ಮಾತ್ರ ಇತ್ತು. ನಾನು ಏಣಿ ಹತ್ತಿ ನೋಡಿ ಬಂದಿದ್ದೆ, ಮಣಿ ಕಂಡಿತ್ತು, ಕೇಳಿಯೂ ಖಾತ್ರಿ ಮಾಡಿಕೊಂಡಿದ್ದೆ. ಆದರೂ ಹೊಡೆಯಿತು. ಆಮೇಲೆ ಅಲಾರಂ ಪ್ಯಾನಲ್ (ಯಾವ ಡಿಟೆಕ್ಟರ್ ಹೊಡೆಯಿತು ಅಂತ ತೋರಿಸುವ ಪೆಟ್ಟಿಗೆ) ಹತ್ತಿರ ಹೋದಾಗ ಅದರ ಪರದೆ ಮೇಲೆ "ಎಎಚ್‌ಯು 2 ರಿಟರ್ನ್ ಡಕ್ಟ್" ಅಂತ ಬಂದಿತ್ತು. ಎಎಚ್‌ಯು ಅಂದರೆ ಎಸಿಯ ಗಾಳಿ ಓಡಿಸುವ ಯಂತ್ರ, ರಿಟರ್ನ್ ಡಕ್ಟ್ ಅಂದರೆ ಗಾಳಿ ಅದಕ್ಕೆ ವಾಪಸ್ ಹೋಗುವ ಕೊಳವೆ. ಸೆಂಟ್ರಲ್ ಎಸಿ ಹಾಲಿನ ಗಾಳಿಯನ್ನು ಒಂದು ಜಾಲರಿಯಿಂದ ವಾಪಸ್ ಎಳೆದುಕೊಳ್ಳುತ್ತದೆ. ಆ ಕೊಳವೆಯೊಳಗೆ ಒಂದು ಸ್ಮೋಕ್ ಡಿಟೆಕ್ಟರ್ ಕೂರಿಸಿರುತ್ತಾರೆ. ನಾನು ಮಷಿನ್ ಇಟ್ಟಿದ್ದು ಸ್ಟೇಜಿನ ಎಡ ಪಕ್ಕದ ಮರೆಯಲ್ಲಿ, ಕಪ್ಪು ಪರದೆ ಹಿಂದೆ. ಆ ಪರದೆಯ ಹಿಂದೆಯೇ, ಮಂಡಿಯೆತ್ತರದಲ್ಲಿ, ಆ ಜಾಲರಿ. ಅಂದರೆ ನನ್ನ ಮಂಜಿನ ಅರ್ಧ ಪಾಲು ದುರ್ಯೋಧನನಿಗೆ ಹೋಯಿತು, ಇನ್ನರ್ಧ ಸೀದಾ ಎಸಿ ಬಾಯಿಗೆ.

ಈಗ ಯಾವ ಹಾಲಿಗೆ ಹೋದರೂ ನನ್ನ ಜೇಬಿನಲ್ಲಿ ಒಂದು ತುಂಡು ಟಿಶ್ಯೂ ಪೇಪರ್ ಇರುತ್ತದೆ. ಎಸಿ ಪೂರ್ತಿ ಹಾಕಿಸಿ, ಪ್ರತಿ ಜಾಲರಿ ಎದುರು ಅದನ್ನು ಹಿಡಿಯುತ್ತೇನೆ. ಕಾಗದ ಹೊರಗೆ ಹಾರಿದರೆ ಅಲ್ಲಿಂದ ಗಾಳಿ ಬರುತ್ತಿದೆ. ಜಾಲರಿಗೆ ಅಂಟಿಕೊಂಡರೆ ಅದು ಎಳೆಯುವ ಬಾಯಿ. ಎಳೆಯುವ ಬಾಯಿಯಿಂದ ಮಷಿನ್ ಎಷ್ಟು ದೂರ ಇಡಲು ಆಗುತ್ತದೋ ಅಷ್ಟು ದೂರ.

ಯಾರನ್ನು ಕೇಳಬೇಕು

ಗೇಟಿನ ಸೆಕ್ಯುರಿಟಿಯವರನ್ನು ಕೇಳಿ "ಓಕೆ ಸಾರ್ ಮಾಡ್ಕೊಳಿ" ಅನ್ನಿಸಿಕೊಳ್ಳುವುದು ಅನುಮತಿ ಅಲ್ಲ. ಕಾರ್ಯಕ್ರಮದ ಆಯೋಜಕರೂ ಅಲ್ಲ, ಅವರಿಗೆ ಹೂವಿನ ಬೊಕೆಯದ್ದೇ ತಲೆನೋವು. ಅಲಾರಂ ಪ್ಯಾನಲ್ ಯಾರ ಕೈಯಲ್ಲಿದೆ ಅನ್ನುವುದನ್ನು ಹುಡುಕಿ. ಕಂಪನಿ, ಮಾಲ್, ಆಸ್ಪತ್ರೆಯಂಥ ಕಡೆ ಬಿಎಂಎಸ್ ರೂಮು (ಕಟ್ಟಡದ ಎಸಿ, ಲಿಫ್ಟ್, ಅಲಾರಂ ಎಲ್ಲವನ್ನೂ ನೋಡಿಕೊಳ್ಳುವ ಕೋಣೆ) ಅಂತ ಇರುತ್ತದೆ, ಫೆಸಿಲಿಟಿ ಮ್ಯಾನೇಜರ್ ಇರುತ್ತಾರೆ, ಎಷ್ಟೋ ಕಡೆ ಫೈರ್ ಸೇಫ್ಟಿ ಆಫೀಸರ್ ಕೂಡ ಇರುತ್ತಾರೆ. ಕಾಲೇಜಿನಲ್ಲಾದರೆ ಎಸ್ಟೇಟ್ ಆಫೀಸ್ ಅಥವಾ ಎಲೆಕ್ಟ್ರಿಕಲ್ ವಿಭಾಗದವರು. ರಂಗಮಂದಿರವಾದರೆ ಅಲ್ಲಿನ ತಾಂತ್ರಿಕ ಸಿಬ್ಬಂದಿ. ನಾಟಕದ ಜಾಗಗಳಲ್ಲಿ ಕೆಲಸ ಮಾಡುವವರಿಗೆ ಹೊಗೆ ಹೊಸದೇನಲ್ಲ, ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಕಷ್ಟ ಇರುವುದು ನಾಟಕಕ್ಕಾಗಿ ಕಟ್ಟದ ಹಾಲುಗಳಲ್ಲಿ.

ಒಂದು ವಾರ ಮೊದಲೇ ಹೋಗಿ. ಶೋ ದಿನ ಮಧ್ಯಾಹ್ನ ಹೋಗಿ ಗೋಗರೆದರೆ ಯಾವ ಜವಾಬ್ದಾರಿಯುತ ಮನುಷ್ಯನೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಕೈಯಲ್ಲಿ ಒಂದು ಪತ್ರ ಇರಲಿ. ರಿಹರ್ಸಲ್ ಎಷ್ಟು ಗಂಟೆಗೆ, ಶೋ ಎಷ್ಟು ಗಂಟೆಗೆ, ಯಾವ ಮಷಿನ್, ಸ್ಟೇಜಿನಲ್ಲಿ ಎಲ್ಲಿಡುತ್ತೀರಿ, ನಾಟಕದಲ್ಲಿ ಎಷ್ಟು ಸಲ, ಪ್ರತಿ ಸಲ ಎಷ್ಟು ಸೆಕೆಂಡ್. ಲಿಕ್ವಿಡ್ ತಯಾರಿಸಿದವರ ಸೇಫ್ಟಿ ಡೇಟಾ ಶೀಟ್ (ಅದರಲ್ಲಿ ಏನಿದೆ, ಅಪಾಯ ಏನು ಅಂತ ಹೇಳುವ ಹಾಳೆ) ಒಂದು ಪ್ರತಿ. ನಿಮ್ಮ ಫೋನ್ ನಂಬರ್. ಇಷ್ಟು ಬರೆದುಕೊಂಡು ಹೋದವರನ್ನು ಅವರು ನೋಡುವ ರೀತಿಯೇ ಬೇರೆ.

ಅವರನ್ನು ನೀವು ಕೇಳಬೇಕಾದ ಪ್ರಶ್ನೆಗಳು ಸುಮಾರಿವೆ. ಹಾಲು ಪ್ಯಾನಲ್‌ನಲ್ಲಿ ಪ್ರತ್ಯೇಕ ಝೋನ್ (ಪ್ಯಾನಲ್ ಒಟ್ಟಾಗಿ ನೋಡುವ ಒಂದು ಭಾಗ) ಆಗಿದೆಯಾ, ಲಾಬಿ ಜೊತೆ ಸೇರಿಕೊಂಡಿದೆಯಾ? ಒಂದೊಂದು ಡಿಟೆಕ್ಟರನ್ನೂ ಬೇರೆ ಬೇರೆಯಾಗಿ ಆಫ್ ಮಾಡಲು ಬರುತ್ತದಾ? ಅಲಾರಂ ಆದರೆ ಜೊತೆಗೆ ಇನ್ನೇನೇನು ಆಗುತ್ತದೆ, ಎಸಿ ನಿಲ್ಲುತ್ತದಾ, ಲಿಫ್ಟ್ ಇಳಿಯುತ್ತದಾ, ಹೊರಗಿನ ಯಾರಿಗಾದರೂ ತಾನಾಗಿ ಕರೆ ಹೋಗುತ್ತದಾ? ಎಸಿ ಡಕ್ಟ್ ಒಳಗೆ ಡಿಟೆಕ್ಟರ್ ಇದೆಯಾ? ಈ ಕೊನೆಯದನ್ನು ಎರಡು ಸಲ ಕೇಳಿ.

ಸ್ಪ್ರಿಂಕ್ಲರ್ ಬಗ್ಗೆ ಎಲ್ಲರಿಗೂ ಒಂದು ಭಯ ಇರುತ್ತದೆ, ಹೊಗೆ ಬಿಟ್ಟರೆ ತಲೆ ಮೇಲೆ ನೀರು ಸುರಿಯುತ್ತದೆ ಅಂತ. ಮಾಮೂಲಿ ಸ್ಪ್ರಿಂಕ್ಲರಿಗೂ ಹೊಗೆಗೂ ಸಂಬಂಧ ಇಲ್ಲ. ಅದರ ಮೂತಿಯಲ್ಲಿ ಒಂದು ಸಣ್ಣ ಗಾಜಿನ ಬಲ್ಬು ಇರುತ್ತದೆ, ಒಳಗೆ ಬಣ್ಣದ ದ್ರವ. ಕೆಂಪು ಬಣ್ಣದ್ದು 68 ಡಿಗ್ರಿಗೆ ಒಡೆಯುತ್ತದೆ. ಅದು ಒಡೆದರೆ ಮಾತ್ರ ನೀರು, ಅದೂ ಆ ಒಂದರಿಂದ ಮಾತ್ರ. ಆದರೆ ಕೆಲವು ಕಡೆ ಸ್ಟೇಜಿನ ಮೇಲೆ ಡಿಟೆಕ್ಟರಿಗೇ ಜೋಡಿಸಿದ ಡೆಲ್ಯೂಜ್ ವ್ಯವಸ್ಥೆ ಇರುತ್ತದೆ, ಅಲ್ಲಿ ಎಲ್ಲ ಮೂತಿಗಳೂ ಒಟ್ಟಿಗೆ ತೆರೆಯುತ್ತವೆ. ಹಾಗಾಗಿ ಅದನ್ನೂ ಕೇಳಿ.

ಝೋನ್ ಐಸೋಲೇಟ್ ಮಾಡುವುದು

ಸರಿಯಾದ ದಾರಿ ಇದು. ಹಾಲಿನ ಸ್ಮೋಕ್ ಡಿಟೆಕ್ಟರ್‌ಗಳನ್ನು ಮಾತ್ರ, ಶೋ ನಡೆಯುವಷ್ಟು ಹೊತ್ತು ಮಾತ್ರ, ಪ್ಯಾನಲ್ ಗೊತ್ತಿರುವ ಮನುಷ್ಯ ಐಸೋಲೇಟ್ ಮಾಡಬೇಕು, ಅಂದರೆ ತಾತ್ಕಾಲಿಕವಾಗಿ ಆಫ್ ಮಾಡಬೇಕು. ಉಳಿದ ಕಟ್ಟಡ ಎಚ್ಚರವಾಗಿಯೇ ಇರಬೇಕು. ಗೋಡೆ ಮೇಲಿನ ಕೆಂಪು ಡಬ್ಬಗಳು, ಗಾಜು ಒತ್ತಿದರೆ ಅಲಾರಂ ಆಗುವವು, ಅವೂ ಕೆಲಸ ಮಾಡುತ್ತಿರಬೇಕು. ಹೊಗೆ, ಶಾಖ ಎರಡೂ ನೋಡುವ ಡಿಟೆಕ್ಟರ್ ಇದ್ದರೆ ಕೆಲವು ಪ್ಯಾನಲ್‌ಗಳಲ್ಲಿ ಆ ಹೊತ್ತಿಗೆ ಶಾಖ ಮಾತ್ರ ನೋಡು ಅಂತ ಬದಲಾಯಿಸಬಹುದು. ಸಾಧ್ಯವಿದ್ದರೆ ಅದೇ ಒಳ್ಳೆಯದು, ಕಾವಲು ಪೂರ್ತಿ ಹೋಗುವುದಿಲ್ಲ.

ಮಷಿನ್ ಕಣ್ಣು ಮುಚ್ಚಿದ ಮೇಲೆ ಮನುಷ್ಯನ ಕಣ್ಣು ತೆರೆದಿರಬೇಕಲ್ವಾ. ಅದಕ್ಕೆ ಫೈರ್ ವಾಚ್ ಅಂತಾರೆ. ಇಬ್ಬರು, ಒಬ್ಬರು ಸ್ಟೇಜಿನ ಪಕ್ಕ, ಒಬ್ಬರು ಹಾಲಿನ ಹಿಂದೆ. ಬೆಂಕಿ ಆರಿಸುವ ಸಿಲಿಂಡರ್ ಬಳಸಲು ಬರಬೇಕು, ಬಾಗಿಲುಗಳು ಎಲ್ಲೆಲ್ಲಿವೆ ಗೊತ್ತಿರಬೇಕು, ಪ್ಯಾನಲ್ ರೂಮಿನ ಜೊತೆ ವಾಕಿಟಾಕಿ ಅಥವಾ ಫೋನ್ ಸಂಪರ್ಕ ಇರಬೇಕು. ನಾಟಕದಲ್ಲಿ ಪಾತ್ರ ಇರುವವರನ್ನು, ಸೆಟ್ ಬದಲಾಯಿಸುವ ಹುಡುಗರನ್ನು ಈ ಕೆಲಸಕ್ಕೆ ಹಾಕಬೇಡಿ. ಫೈರ್ ವಾಚ್‌ನವರಿಗೆ ಇದೊಂದೇ ಕೆಲಸ ಇರಬೇಕು.

ಐಸೋಲೇಟ್ ಮಾಡಿದ ಸಮಯ, ಮಾಡಿದವರ ಸಹಿ, ವಾಪಸ್ ಹಾಕಬೇಕಾದ ಸಮಯ, ಮೂರೂ ಲಾಗ್ ಪುಸ್ತಕದಲ್ಲಿ ಬರಲಿ. ವಾಪಸ್ ಹಾಕುವುದು ಪರದೆ ಬಿದ್ದ ಕೂಡಲೇ ಅಲ್ಲ. ಹಾಲಿನಲ್ಲಿ ಮಂಜು ಉಳಿದಿರುತ್ತದೆ, ಆಗ ಹಾಕಿದರೆ ಆಗಲೇ ಹೊಡೆಯುತ್ತದೆ. ಬಾಗಿಲು ತೆಗೆದು, ಫ್ಯಾನ್ ಹಾಕಿ, ಒಂದು ಸ್ಪಾಟ್ ಲೈಟಿನ ಕಿರಣ ನೋಡಿ. ಗಾಳಿಯಲ್ಲಿ ಕಿರಣದ ಗೆರೆ ಕಾಣದೇ ಇದ್ದರೆ ಹಾಲು ಚೊಕ್ಕ ಆಗಿದೆ ಅಂತ.

ಇನ್ನೊಂದು ದಾರಿ ಇದೆ, ಅದನ್ನು ಹೇಳದೆ ಇದ್ದರೆ ಯಾರಾದರೂ ಮಾಡಿಯೇ ಮಾಡುತ್ತಾರೆ. ಡಿಟೆಕ್ಟರಿಗೆ ಪ್ಲಾಸ್ಟಿಕ್ ಕವರ್ ಕಟ್ಟುವುದು. ಒಂದು ಹಾಲಿನಲ್ಲಿ ಏಣಿ ಹತ್ತಿ ಹತ್ತಿರದಿಂದ ನೋಡಿದಾಗ ಡಿಟೆಕ್ಟರ್ ಮೇಲೆ ಪಾಲಿಥಿನ್ ಕವರ್ ಇತ್ತು. ಹಳದಿ ತಿರುಗಿತ್ತು. ರಬ್ಬರ್ ಬ್ಯಾಂಡ್ ಒಣಗಿ, ಮುಟ್ಟಿದರೆ ಚೂರಾಯಿತು. ಕವರಿನೊಳಗೆ ಕೆಂಪು ಚುಕ್ಕೆ ನಿಯತ್ತಾಗಿ ಮಿನುಗುತ್ತಲೇ ಇತ್ತು. ಯಾವ ವರ್ಷದ ಯಾವ ಕಾರ್ಯಕ್ರಮಕ್ಕೆ ಕಟ್ಟಿದ್ದೋ, ಬಿಚ್ಚುವುದು ಮರೆತಿದ್ದಾರೆ. ಅಲ್ಲಿಂದ ಆಚೆ ಆ ಹಾಲಿಗೆ ಬಂದ ಪ್ರತಿಯೊಂದು ಮಗುವಿನ ತಲೆ ಮೇಲೂ ಅದು ಕುರುಡಾಗಿತ್ತು. ಪ್ಯಾನಲ್‌ನಲ್ಲಿ ಮಾತ್ರ ಎಲ್ಲ ನಾರ್ಮಲ್.

ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕುರಿತ ಟಿವಿ ಧಾರಾವಾಹಿಯ ಚಿತ್ರೀಕರಣ ನಡೆಯುವಾಗ ಬೆಂಕಿ ಬಿತ್ತು. ಗೋಡೆಗೆ ಗೋಣಿಚೀಲ ಹೊಡೆದಿದ್ದರು, ಗಾಳಿ ಆಡಲು ಸರಿಯಾದ ಜಾಗ ಇರಲಿಲ್ಲ, ಮೇಲೆ ದೊಡ್ಡ ದೊಡ್ಡ ಲೈಟುಗಳು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಎಷ್ಟೋ ಜನ ನಮ್ಮ ಹಾಗೇ ತೆರೆಯ ಹಿಂದೆ ಕೆಲಸ ಮಾಡುವವರು.

ಐಸೋಲೇಟ್ ಮಾಡಲ್ಲ ಅಂದರೆ?

ಅವರು ಆಗುವುದಿಲ್ಲ ಅಂದರೆ ಜಗಳ ಮಾಡಬೇಡಿ. ಆಸ್ಪತ್ರೆ ಇರುವ ಕಟ್ಟಡ, ಸರ್ವರ್ ಇರುವ ಮಹಡಿ, ಅವರ ಕಾರಣ ಅವರಿಗಿರುತ್ತದೆ. ಮಂಜು ಯಾಕೆ ಬೇಕು ಅಂತ ನಿರ್ದೇಶಕರನ್ನು ಕೂರಿಸಿ ಕೇಳಿ. ಬೆಳಕಿನ ಕಿರಣ ಕಾಣಲಿ ಅಂತ ಬೇಕಾದರೆ ಅದು ಹೇಜ್, ತೆಳುವಾಗಿ ಹಾಲೆಲ್ಲ ತುಂಬುವಂಥದ್ದು. ಡಿಟೆಕ್ಟರ್ ಎಚ್ಚರ ಇರುವಲ್ಲಿ ಅದನ್ನು ಮರೆತುಬಿಡಿ. ನೀರಿನ ಮೇಲಿನ ಮಂಜು, ಸ್ಮಶಾನ, ಕೈಲಾಸ ಅಂದರೆ ನೆಲದ ಮೇಲೆ ಹರಿಯುವ ಲೋ ಫಾಗ್ ಸಾಕು. ಬೂದು ಬಣ್ಣದ ತೆಳು ಬಟ್ಟೆ, ಕೆಳಗಿಂದ ಒಂದು ನೀಲಿ ಲೈಟು, ಎರಡು ಟೇಬಲ್ ಫ್ಯಾನ್ ಇಟ್ಟು ನಾನು ಸರೋವರ ಮಾಡಿದ್ದೇನೆ. ಹೊಗೆಗಿಂತ ಚೆನ್ನಾಗಿತ್ತು ಅಂತ ಯಾರೂ ಹೇಳಲಿಲ್ಲ, ಹೊಗೆ ಎಲ್ಲಿ ಅಂತಲೂ ಯಾರೂ ಕೇಳಲಿಲ್ಲ.

ಲೋ ಫಾಗ್‌ನಲ್ಲಿ ಎರಡು ದಾರಿ. ಒಂದು, ಮಾಮೂಲಿ ಮಂಜನ್ನೇ ಐಸ್ ಪೆಟ್ಟಿಗೆ ಮೂಲಕ ಹಾಯಿಸಿ ತಣ್ಣಗೆ ಮಾಡುವುದು. ತಣ್ಣಗಿರುವಷ್ಟು ಹೊತ್ತು ನೆಲಕ್ಕೆ ಅಂಟಿಕೊಂಡಿರುತ್ತದೆ. ಬೆಚ್ಚಗಾದ ಮೇಲೆ ಎದ್ದು ಮೇಲೆ ಹೋಗುತ್ತದೆ, ಆಗ ಅದು ಮತ್ತೆ ಮಾಮೂಲಿ ಮಂಜೇ. ಬೇಗ ಕರಗುವ ಲಿಕ್ವಿಡ್ ಅಂತಲೇ ಸಿಗುತ್ತದೆ, ಇದಕ್ಕೆ ಅದನ್ನು ಹಾಕಿ.

ಎರಡನೆಯದು ಡ್ರೈ ಐಸ್, ಈಗ ಪ್ರತಿ ಮದುವೆ ರಿಸೆಪ್ಷನ್‌ನಲ್ಲೂ ವಧೂವರರು ಮೋಡದ ಮೇಲೆ ನಡೆದು ಬರುತ್ತಾರಲ್ಲ, ಅದು. ಗಟ್ಟಿಯಾದ ಕಾರ್ಬನ್ ಡೈ ಆಕ್ಸೈಡ್, ಸೊನ್ನೆಗಿಂತ 78 ಡಿಗ್ರಿ ಕೆಳಗೆ. ಬಿಸಿನೀರಿಗೆ ಹಾಕಿದರೆ ಬುಸ್ಸೆಂದು ಬಿಳಿ ಮೋಡ. ನೆಲದಲ್ಲೇ ಹರಿಯುತ್ತದೆ, ಬೇಗ ಮಾಯವಾಗುತ್ತದೆ, ಅಲಾರಂ ಹೊಡೆಯುವ ಸಾಧ್ಯತೆ ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ, ಕಡಿಮೆ. ಆದರೆ ಇದಕ್ಕೆ ಬೇರೆ ಅಪಾಯ ಇದೆ. ಒಂದು ಕೆ.ಜಿ. ಡ್ರೈ ಐಸ್‌ನಿಂದ 500 ಲೀಟರ್‌ಗಿಂತ ಜಾಸ್ತಿ ಗ್ಯಾಸ್ ಬರುತ್ತದೆ, ಅದು ಗಾಳಿಗಿಂತ ಭಾರ. ತಗ್ಗಿನಲ್ಲಿ ನಿಲ್ಲುತ್ತದೆ. ಸರೋವರದಲ್ಲಿ ಮಲಗಿದ ದುರ್ಯೋಧನನ ಮೂಗು ಇರುವುದು ಅಲ್ಲೇ. ನೆಲದ ಮೇಲೆ ಮಲಗುವ ಪಾತ್ರ, ಹೂವಿನ ಹಾಗೆ ಕೂತ ಪುಟ್ಟ ಮಕ್ಕಳು, ಸ್ಟೇಜಿನ ಮುಂದಿನ ತಗ್ಗಿನಲ್ಲಿ ಕೂತ ಹಾರ್ಮೋನಿಯಂ, ತಬಲಾದವರು, ಇವರಿದ್ದರೆ ಡ್ರೈ ಐಸ್ ಬೇಡ. ಬರಿಗೈಯಲ್ಲಿ ಮುಟ್ಟಬೇಡಿ, ದಪ್ಪ ಗ್ಲೌಸ್ ಹಾಕಿ. ಗಟ್ಟಿ ಮುಚ್ಚಳದ ಡಬ್ಬದಲ್ಲಿ ಇಡಬೇಡಿ, ಒತ್ತಡಕ್ಕೆ ಸಿಡಿಯುತ್ತದೆ. ಕಾರಿನಲ್ಲಿ ತರುವಾಗ ಕಿಟಕಿ ಇಳಿಸಿರಲಿ.

ಸಾಂಬ್ರಾಣಿ ಬಗ್ಗೆ ಹಳಬರು ಕೇಳುತ್ತಾರೆ. ಕೆಂಡದ ಮೇಲೆ ಧೂಪ ಹಾಕಿ ಪಕ್ಕದಿಂದ ಬೀಸಣಿಗೆ ಬೀಸುವುದರ ಚಂದವೇ ಬೇರೆ, ಪರಿಮಳ ಬೇರೆ ಬರುತ್ತದೆ. ಬಯಲಿನಲ್ಲಿ ಮಾಡಿ. ಯಕ್ಷಗಾನದಲ್ಲಿ ದೊಂದಿಗೆ ರಾಳ ಎರಚುವುದೂ ಬಯಲಿಗೇ ಸರಿ. ಎಸಿ ಹಾಲಿನೊಳಗೆ ಅದು ಹೊಗೆ ಎಫೆಕ್ಟ್ ಅಲ್ಲ, ನಿಜವಾದ ಬೆಂಕಿ. ಅದರ ಅನುಮತಿಯೇ ಬೇರೆ.

ಮಷಿನ್ ಇಡುವ ರೀತಿ

ಮೂತಿ ಮೇಲಕ್ಕೆ ಮಾಡಬೇಡಿ, ನೆಲಕ್ಕೆ ಸಮವಾಗಿ ಇಡಿ. ಮೂತಿಯ ಎದುರು ಒಂದು ಮೀಟರ್ ಖಾಲಿ ಬಿಡಿ, ಹೊರಬರುವುದು ಸುಡುವಷ್ಟು ಬಿಸಿ ಇರುತ್ತದೆ, ಪರದೆಗೂ ಕಾಲಿಗೂ ತಾಗಬಾರದು. 1500 ವಾಟಿನ ಮಷಿನ್ ಆರು ಆರೂವರೆ ಆಂಪಿಯರ್ ಎಳೆಯುತ್ತದೆ, ಅದನ್ನು ಮೊಬೈಲ್ ಚಾರ್ಜರ್ ಪಕ್ಕದ ಸಣ್ಣ ಪ್ಲಗ್ಗಿಗೆ ಸಿಕ್ಕಿಸಬೇಡಿ, ಪವರ್ ಪ್ಲಗ್ ಬೇಕು. ಕಾಯಲು ಐದಾರು ನಿಮಿಷ ಬೇಕು.

ಗುಂಡಿಯನ್ನು ಒತ್ತಿ ಹಿಡಿಯಬೇಡಿ. ಎರಡು ಸೆಕೆಂಡ್ ಬಿಡಿ, ಕಾಯಿರಿ, ನೋಡಿ, ಬೇಕಾದರೆ ಇನ್ನೆರಡು ಸೆಕೆಂಡ್. ಹೊಸಬರ ತಪ್ಪು ಯಾವಾಗಲೂ ಇದೇ. ಸ್ಟೇಜಿನ ಪಕ್ಕದಿಂದ ನೋಡುವವರಿಗೆ ಹೊಗೆ ಸಾಲದು ಅನ್ನಿಸುತ್ತದೆ. ಬೆಳಕು ಬಿದ್ದಾಗ ಹಾಲಿನಲ್ಲಿ ಕೂತವರಿಗೆ ಅದೇ ಹೊಗೆ ತುಂಬ ಜಾಸ್ತಿ ಕಾಣುತ್ತದೆ. ಯಾರಾದರೂ ಹಾಲಿನ ಹತ್ತನೇ ಸಾಲಿನಲ್ಲಿ ಕೂತು ಹೇಳಲಿ.

ಬಾಗಿಲು. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಹಾಲನ್ನು ಐಸೋಲೇಟ್ ಮಾಡಿದ ಮೇಲೂ ಅಲಾರಂ ಆಗುವುದು ಲಾಬಿಯಿಂದ, ಗ್ರೀನ್ ರೂಮ್ ಕಾರಿಡಾರಿನಿಂದ. ಯಾರೋ ಫೋನಿನಲ್ಲಿ ಮಾತಾಡಲು ಬಾಗಿಲು ತೆಗೆದು ಕಾಲಿನಲ್ಲಿ ತಡೆದು ನಿಲ್ಲುತ್ತಾರೆ, ಮಂಜು ಅವರ ಹಿಂದೆಯೇ ಹೊರಗೆ ಹೋಗುತ್ತದೆ, ಅಲ್ಲಿನ ಡಿಟೆಕ್ಟರ್ ಎಚ್ಚರವಾಗಿದೆ. ಪ್ರತಿ ಬಾಗಿಲಿಗೆ ಒಬ್ಬ ಸ್ವಯಂಸೇವಕ ಇರಲಿ. ಮುಚ್ಚಿಟ್ಟುಕೊಳ್ಳಲಿ ಅಂದೆ, ಚಿಲಕ ಹಾಕಲಿ ಅಂತಲ್ಲ. ಚಿಲಕ ಯಾವತ್ತೂ ಇಲ್ಲ.

ರಿಹರ್ಸಲ್‌ನಲ್ಲಿ ಎಲ್ಲವನ್ನೂ ಶೋ ದಿನದ ಹಾಗೇ ನಡೆಸಿ. ಅದೇ ಎಸಿ, ಅದೇ ಲೈಟು, ಅಷ್ಟೇ ಹೊಗೆ. ಎಸಿ ಇಲ್ಲದೆ ಪರೀಕ್ಷೆ ಮಾಡಿದ ಹೊಗೆ ಶೋ ದಿನ ಬೇರೆ ದಾರಿ ಹಿಡಿಯುತ್ತದೆ. ಹಾಲು ತುಂಬಿದ ಮೇಲೆ ಜನರ ಮೈಶಾಖಕ್ಕೇ ಗಾಳಿ ಮೇಲೇಳುತ್ತದೆ ಅನ್ನುವುದೂ ನೆನಪಿರಲಿ. ಇನ್ನೊಂದು, ನೃತ್ಯ ಇದ್ದರೆ ಮೂತಿ ಎದುರಿನ ನೆಲ ಒರೆಸಿ. ಲಿಕ್ವಿಡ್ ಹನಿ ಬಿದ್ದ ಜಾಗ ಎಣ್ಣೆ ಚೆಲ್ಲಿದ ಹಾಗೆ ಜಾರುತ್ತದೆ.

ಹೊರಗೆ ಬಾಗಿಲಲ್ಲಿ ಒಂದು ಬೋರ್ಡ್ ಹಾಕಿ, ಈ ನಾಟಕದಲ್ಲಿ ಹೊಗೆ ಬಳಸುತ್ತೇವೆ ಅಂತ. ಆಸ್ತಮಾ ಇರುವವರು ಹಿಂದಿನ ಸಾಲಿನಲ್ಲಿ ಕೂರುತ್ತಾರೆ.

ಅಷ್ಟಾಗಿಯೂ ಹೊಡೆದರೆ

ಈಗ ಆ ರಾತ್ರಿಯ ಇನ್ನೊಂದು ಭಾಗ ಹೇಳಬೇಕು. ಅಲಾರಂ ಹೊಡೆದಾಗ ಜನ ಎದ್ದು ನಿಂತರು. ನಾನು ಲೈಟಿಂಗ್ ಬೂತ್‌ನಿಂದ ಮೈಕ್ ತಗೊಂಡು "ಏನೂ ಆಗಿಲ್ಲ, ನಮ್ಮ ಹೊಗೆ ಮಷಿನ್ ಅಷ್ಟೇ, ಎಲ್ಲರೂ ಕೂತ್ಕೊಳ್ಳಿ" ಅಂದೆ. ಅರ್ಧ ಜನ ಕೂತರು. ನನಗೆ ಗೊತ್ತಿತ್ತಾ? ಗೊತ್ತಿರಲಿಲ್ಲ. ಊಹೆ ಅಷ್ಟೇ. ಏಳು ಮಹಡಿಯಲ್ಲಿ ಎಲ್ಲಿ ಬೇಕಾದರೂ ಏನು ಬೇಕಾದರೂ ಹೊತ್ತಿಕೊಂಡಿರಬಹುದಿತ್ತು. ಅವರ ಫೆಸಿಲಿಟಿ ಮ್ಯಾನೇಜರ್, ಒಬ್ಬರು ಹೆಂಗಸು, ಬಾಗಿಲು ತಳ್ಳಿಕೊಂಡು ಬಂದು ನನ್ನ ಮೈಕನ್ನು ಕೈಯಿಂದ ಇಸಿದುಕೊಂಡರು. ಬೈಯಲಿಲ್ಲ. "ಎಲ್ಲರೂ ಎಡಗಡೆ ಬಾಗಿಲಿಂದ ಹುಲ್ಲುಹಾಸಿಗೆ ನಡೀರಿ" ಅಂದರು. ಆಮೇಲೆ ಹುಲ್ಲುಹಾಸಿನಲ್ಲಿ ನನ್ನ ಪಕ್ಕ ನಿಂತು, "ಪ್ಯಾನಲ್ ನೋಡಿದ್ರಾ ಸಾರ್, ಹಾಗೆ ಹೇಳೋಕೆ?" ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಹೊಡೆದರೆ ಮಾಡಬೇಕಾದದ್ದು ಇಷ್ಟು. ನಾಟಕ ನಿಲ್ಲಿಸಿ. ಹಾಲಿನ ಲೈಟು ಪೂರ್ತಿ ಹಾಕಿ. ಹೊಗೆ ಮಷಿನ್ ಆಫ್. ಬಾಗಿಲು ತೆರೆಸಿ. ಯಾವ ಬಾಗಿಲಿಂದ ಹೋಗಬೇಕು ಅಂತ ಒಬ್ಬರೇ, ಸಮಾಧಾನವಾಗಿ ಹೇಳಿ. ನಿಜವಾದ ಬೆಂಕಿ ಕಂಡರೆ 101 ಅಥವಾ 112. ಪ್ಯಾನಲ್ ನೋಡಿದವರು, ಆ ಜಾಗಕ್ಕೆ ಹೋಗಿ ಕಣ್ಣಾರೆ ಕಂಡವರು ಹೇಳುವವರೆಗೆ "ನಮ್ಮ ಹೊಗೆ ಅಷ್ಟೇ" ಅನ್ನುವ ಮಾತು ನಿಮ್ಮ ಬಾಯಿಂದ ಬರಬಾರದು.

ಮುಂದಿನ ವರ್ಷ ಅದೇ ಕನ್ನಡ ಬಳಗ ಮತ್ತೆ ಕರೆಯಿತು. ಅದೇ ಹಾಲು, ಬೇರೆ ನಾಟಕ, ಇದರಲ್ಲೂ ಮಂಜು. ಈ ಸಲ ಹತ್ತು ದಿನ ಮೊದಲೇ ಪತ್ರ ಹಿಡಿದು ಅದೇ ಮ್ಯಾನೇಜರ್ ಹತ್ತಿರ ಹೋದೆ. ಅವರು ಪತ್ರ ಪೂರ್ತಿ ಓದಿ, "ಡಕ್ಟ್ ಡಿಟೆಕ್ಟರ್ ಬರೆದೇ ಇಲ್ವಲ್ಲ" ಅಂದರು. ನೋಡಿದರೆ ಬರೆದಿದ್ದೆ, ಎರಡನೇ ಪುಟದಲ್ಲಿ. ತೋರಿಸಿದೆ. ನಕ್ಕರು.

ಶೋ ದಿನ ಸಂಜೆ 5:40ಕ್ಕೆ ಬಿಎಂಎಸ್ ರೂಮಿನ ಹುಡುಗ ನನ್ನೆದುರೇ ಹಾಲಿನ ಝೋನ್ ಐಸೋಲೇಟ್ ಮಾಡಿದ. ಪ್ಯಾನಲ್ ಮೇಲೆ ಹಳದಿ ದೀಪ ಹತ್ತಿತು. ಲಾಗ್ ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಿದೆವು. ಇಬ್ಬರು ಫೈರ್ ವಾಚ್, ನಾಲ್ಕು ಬಾಗಿಲಿಗೆ ನಾಲ್ಕು ಜನ. ನಾಟಕ ಮುಗಿದು, ಹಾರ ತುರಾಯಿ, ಗ್ರೂಪ್ ಫೋಟೋ ಎಲ್ಲ ಆದ ಮೇಲೆ ಖಾಲಿ ಹಾಲಿನಲ್ಲಿ ಒಂದು ಸ್ಪಾಟ್ ಹಾಕಿಕೊಂಡು ಕಿರಣ ನೋಡುತ್ತಾ ಕೂತೆ. ಗೆರೆ ತೆಳುವಾಗುತ್ತಾ ಹೋಯಿತು. 9:50ಕ್ಕೆ ವಾಕಿಟಾಕಿಯಲ್ಲಿ ಹುಡುಗನ ದನಿ ಬಂತು: "ಝೋನ್ ನಾರ್ಮಲ್ ಆಯ್ತು ಸಾರ್. ಕ್ಯಾಂಟೀನಲ್ಲಿ ಬಿಸಿಬೇಳೆ ಬಾತ್ ಇನ್ನೂ ಇದೆಯಂತೆ, ಬೇಗ ಬನ್ನಿ."